ಆ ನೀರಿನ ಮಾತಿಗೆ ಯಾವ ಫಾರಂನಲ್ಲೂ ಜಾಗವಿಲ್ಲ

ಮಾನ್ಯ ಸಂಪಾದಕರೇ,

ನಾನು ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ನರ್ಸ್. ಕೆಲಸಕ್ಕೆ ಸೇರಿ 11 ವರ್ಷವಾಯಿತು. ಎಷ್ಟು ಕೂಸುಗಳನ್ನು ಕೈಯಲ್ಲಿ ಹಿಡಿದೆನೋ ಲೆಕ್ಕ ಇಟ್ಟಿಲ್ಲ. ಆದರೆ ಕಳೆದ ಶ್ರಾವಣದ ಒಂದು ರಾತ್ರಿ ನಿಮಿಷ ನಿಮಿಷವೂ ನೆನಪಿದೆ.

ಹುಡುಗಿಗೆ 21 ವರ್ಷ, ಚೊಚ್ಚಲು. ಕೈತುಂಬ ಕುಬಸದ (ಸೀಮಂತದ) ಹಸಿರು ಬಳೆ. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 8 ಎಂದಿತ್ತು, ಅಂದರೆ ಮೈಯಲ್ಲಿ ರಕ್ತ ಕಡಿಮೆ. ಭತ್ತದ ನಾಟಿಗೆ ಹೋಗುವ ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಇದನ್ನು ಜಾಸ್ತಿ ನೋಡುತ್ತೇವೆ. ರಾತ್ರಿ 2.20ಕ್ಕೆ ಹೆಣ್ಣು ಮಗು ಹುಟ್ಟಿತು, ಚೆನ್ನಾಗಿ ಅತ್ತಿತು. ಗರ್ಭಕೋಶ ಬಿಗಿಯಾಗಲಿ ಅಂತ ಒಂದು ನಿಮಿಷದೊಳಗೆ ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್ ಇಂಜೆಕ್ಷನ್ ಕೊಟ್ಟೆ. ಮಾಸು ಬಿತ್ತು. ಗರ್ಭಕೋಶ ಮಾತ್ರ ಗಟ್ಟಿಯಾಗಲಿಲ್ಲ, ರಕ್ತ ನಿಲ್ಲಲಿಲ್ಲ. ಹೆರಿಗೆಯಾದ ಮೇಲೆ ಅರ್ಧ ಲೀಟರ್ ರಕ್ತ ಹೋದರೇ ಅಪಾಯ ಎನ್ನುತ್ತೇವೆ. ರಕ್ತ ಕಡಿಮೆ ಇರುವವರಿಗೆ ಅಷ್ಟೂ ಬೇಕಾಗಿಲ್ಲ. ಡಾಕ್ಟರ್ ಮೇಡಂ, ನಾನು, ಆಯಾ, ಮೂವರೂ ಒಂದು ಕ್ಷಣ ಕೈ ಬಿಡಲಿಲ್ಲ. 108 ಗಾಡಿ ಬಂದು ಬಾಗಿಲಲ್ಲಿ ನಿಂತಿತ್ತು.

ಆ ಹೊತ್ತಿನಲ್ಲಿ ಅವಳು ನನ್ನ ಕೈ ಹಿಡಿದು, "ಅಕ್ಕ, ನೀರು ಕೊಡ್ರಿ, ಗಂಟಲ ಒಣಗಾಕತ್ತೈತಿ" ಅಂದಳು. ಮೂರು ಸಲ ಕೇಳಿದಳು. ಆಪರೇಷನ್ ಮಾಡಬೇಕಾಗಬಹುದು, ಹೊಟ್ಟೆಗೆ ಏನೂ ಕೊಡುವ ಹಾಗಿರಲಿಲ್ಲ. "ತಡಿ ತಂಗಿ, ಆಮೇಲೆ ಕೊಡ್ತೀನಿ" ಅಂದೆ. 3.50ಕ್ಕೆ ಹೋಗಿಬಿಟ್ಟಳು.

ಬಳೆ ತೆಗೆದು ಕಾಗದದಲ್ಲಿ ಸುತ್ತಿ ಅವಳ ತಾಯಿಗೆ ಕೊಡಲು ಹೋದೆ. ಆ ತಾಯಿ ಬೈಯಲಿಲ್ಲ, ಜಗಳ ಆಡಲಿಲ್ಲ. "ನನ್ನ ಮಗಳ ಬಾಯಾಗ ಒಂದು ಗುಟುಕು ನೀರಾದ್ರೂ ಬಿತ್ತೇನ್ರಿ ಯವ್ವ?" ಅಂತ ಮಾತ್ರ ಕೇಳಿದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. 4.15ಕ್ಕೆ ಇನ್ನೊಬ್ಬ ಗರ್ಭಿಣಿ ಬಂದರು. ಗ್ಲೌಸ್ ಬದಲಿಸಿ ಒಳಗೆ ಹೋದೆ.

ಬಾಣಂತಿ ಸತ್ತರೆ 24 ಗಂಟೆಯೊಳಗೆ ಮೇಲಿನವರಿಗೆ ತಿಳಿಸಬೇಕು, ಆಮೇಲೆ ಪರಿಶೀಲನೆ ನಡೆಯುತ್ತದೆ. ಅದು ನಡೆಯಲೇಬೇಕು. ಎಲ್ಲಿ ತಡವಾಯಿತು ಅಂತ ಗೊತ್ತಾದರೆ ಮುಂದಿನ ತಾಯಿ ಉಳಿಯುತ್ತಾಳೆ. ಯಾವ ಇಂಜೆಕ್ಷನ್ ಎಷ್ಟು ಗಂಟೆಗೆ, ಬಿಪಿ ಎಷ್ಟು, ಗಾಡಿಗೆ ಯಾವಾಗ ಫೋನ್ ಮಾಡಿದಿರಿ, ಎಲ್ಲ ಕೇಳಿದರು, ಎಲ್ಲಕ್ಕೂ ಉತ್ತರ ಕೊಟ್ಟೆ. ನೀರಿನ ವಿಷಯ ಯಾರೂ ಕೇಳಲಿಲ್ಲ. ಅದನ್ನು ಬರೆಯಲು ಫಾರಂನಲ್ಲಿ ಜಾಗವೂ ಇಲ್ಲ. ಎರಡು ತಿಂಗಳು ಮನೆಯಲ್ಲಿ ಮಗಳು ನೀರು ಕೇಳಿದರೂ ನನ್ನ ಕೈ ನಡುಗುತ್ತಿತ್ತು.

ಅವತ್ತು ಡಾಕ್ಟರ್ ಮೇಡಂ ಸ್ಟೋರ್ ರೂಮಿನಲ್ಲಿ ನಿಂತು ಅಳುತ್ತಿದ್ದುದನ್ನು ನಾನು ನೋಡಿದ್ದೇನೆ. ನಾನು ಅತ್ತದ್ದನ್ನು ಅವರೂ ನೋಡಿರಬೇಕು. ಇವತ್ತಿನವರೆಗೂ ನಾವಿಬ್ಬರು ಆ ಬಗ್ಗೆ ಒಂದು ಮಾತೂ ಆಡಿಲ್ಲ. ಅತ್ತರೆ ಕೆಲಸ ಬಾರದವಳು ಅಂದುಕೊಳ್ಳುತ್ತಾರೆ ಎಂಬ ಹೆದರಿಕೆ ನಮ್ಮಲ್ಲಿ ಎಲ್ಲರಿಗೂ ಇದೆ, ಅಲ್ವಾ? ನಮ್ಮ ಆಯಾ ಒಬ್ಬರೇ ಬೆಳಿಗ್ಗೆ ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿದರು. ಸುಮ್ನೆ ಪಕ್ಕದಲ್ಲಿ ಕೂತರು.

ಕೊನೆಗೆ ನಾನೇ 14416ಕ್ಕೆ ಫೋನ್ ಮಾಡಿದೆ. ಮನಸ್ಸಿನ ಕಷ್ಟ ಹೇಳಿಕೊಳ್ಳಲು 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ನೀರಿನ ಮಾತನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅಲ್ಲಿ, ಮುಖ ನೋಡದವರ ಹತ್ತಿರ. ವಾರ್ಡಿನ ಗೋಡೆಗೆ ಎಷ್ಟೋ ಪೋಸ್ಟರ್ ಅಂಟಿಸುತ್ತೇವೆ. ಈ ನಂಬರನ್ನು ನಮ್ಮ ಡ್ಯೂಟಿ ರೂಮಿನಲ್ಲೂ ಬರೆದು ಹಾಕಲಿ.

ನಾನು ಕೇಳುವುದು ದೊಡ್ಡದೇನಲ್ಲ. ಹೀಗೊಂದು ಸಾವು ಆದಾಗ, ಆ ಪಾಳಿಯಲ್ಲಿದ್ದ ಡಾಕ್ಟರ್, ನರ್ಸ್, ಆಯಾ, ಗಾಡಿಯವರು ಮರುದಿನ ಅರ್ಧ ಗಂಟೆ ಒಟ್ಟಿಗೆ ಕೂರಲಿ. ಫೈಲ್ ಬೇಡ, ಸಹಿ ಬೇಡ, ನೋಟಿಸ್ ಅಂತೂ ಬೇಡವೇ ಬೇಡ. ಸಾಧ್ಯವಿರುವ ಕಡೆ ಆ ರಾತ್ರಿಯೇ ಬೇರೆ ವಾರ್ಡಿನಿಂದ ಒಬ್ಬರನ್ನು ಕಳಿಸಿ ನರ್ಸ್‌ಗೆ ಒಂದು ಗಂಟೆ ಬಿಡುವು ಕೊಡಲಿ.

ಈಗ ಹೆರಿಗೆ ಟ್ರೇ ಪಕ್ಕದಲ್ಲಿ ಒಂದು ಬಟ್ಟಲು ನೀರು, ಸ್ವಲ್ಪ ಹತ್ತಿ ಇಟ್ಟುಕೊಳ್ಳುತ್ತೇನೆ. ಕುಡಿಯಲು ಕೊಡಲಾಗದಿದ್ದರೆ ತುಟಿಯನ್ನಾದರೂ ಒದ್ದೆ ಮಾಡಬಹುದು. ಹೊಸದಾಗಿ ಬಂದ ಹುಡುಗಿಯರು ಇದು ಯಾಕೆ ಅಂತ ಕೇಳುತ್ತಾರೆ. ಅವರಿಗೆ ಈ ಕತೆ ಇನ್ನೂ ಹೇಳಿಲ್ಲ.

– ಒಬ್ಬ ಶುಶ್ರೂಷಾಧಿಕಾರಿ, ರಾಯಚೂರು ಜಿಲ್ಲೆ
(ದಯವಿಟ್ಟು ಹೆಸರು ಪ್ರಕಟಿಸಬೇಡಿ)