ಡಿಸೆಂಬರ್ ಬಿಸಿಲಿನಿಂದ ಮಗಳಿಗೊಂದು ಪತ್ರ

ಆಕ್ಲೆಂಡ್, ಡಿಸೆಂಬರ್ 29

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು "ಇಲ್ಲಿ ಕ್ರಿಸ್‌ಮಸ್ ಅಂತ ಅನ್ನಿಸ್ತಾನೇ ಇಲ್ಲಮ್ಮ" ಅಂದೆ. ನಿನ್ನ ಮುಂದೆ ನಗಬಾರದು ಅಂತ ತಡೆದುಕೊಂಡೆ, ಫೋನ್ ಇಟ್ಟ ಮೇಲೆ ಚೆನ್ನಾಗಿ ನಕ್ಕೆ. ಎಡಿನ್‌ಬರೋದಲ್ಲಿ ಕೂತಿದ್ದೀಯ, ಮಧ್ಯಾಹ್ನ ನಾಲ್ಕು ಹೊಡೆಯುವ ಮೊದಲೇ ಹೊತ್ತು ಮುಳುಗುತ್ತದೆ, ಕಾರ್ಡುಗಳ ಮೇಲೆಲ್ಲ ಇರುವುದು ಆ ಚಳಿಯ ಕ್ರಿಸ್‌ಮಸ್ಸೇ. ನಿನಗೆ ಮಾತ್ರ ಅದು ಸಪ್ಪೆ!

ನಾನೂ ಹೀಗೇ ಅಂದಿದ್ದೆ, ಉಲ್ಟಾ. ನಿನಗಾಗ ಮೂರು ವರ್ಷ, ನಾವು ಇಲ್ಲಿಗೆ ಬಂದ ಮೊದಲ ಡಿಸೆಂಬರ್. ಚಡ್ಡಿ ಹಾಕಿಕೊಂಡ ಸಾಂಟಾನನ್ನು ನೋಡಿ ನೀನು ಚಪ್ಪಾಳೆ ತಟ್ಟಿದೆ, ನನಗೆ ಯಾಕೋ ಮೋಸ ಹೋದ ಹಾಗಾಯಿತು. ನನ್ನ ಲೆಕ್ಕದಲ್ಲಿ ಕ್ರಿಸ್‌ಮಸ್ ಅಂದರೆ ಮೈಸೂರಿನ ಚಳಿ. 24ರ ರಾತ್ರಿ ಸ್ವೆಟರ್ ಹಾಕಿಕೊಂಡು ಸೇಂಟ್ ಫಿಲೋಮಿನಾ ಚರ್ಚಿನ ದೀಪ ನೋಡಲು ಹೋಗುವುದು, ಗೋದಲಿ ಮುಂದೆ ನೂಕುನುಗ್ಗಲಲ್ಲಿ ನಿಲ್ಲುವುದು, ಮಾರನೇ ದಿನ ಎದುರು ಮನೆಯಿಂದ ಬಟ್ಟೆ ಮುಚ್ಚಿದ ತಟ್ಟೆಯಲ್ಲಿ ಬರುವ ಕೇಕು. ಅದೇ ತಿಂಗಳು ಬೆಳಗಿನ ಜಾವ ದೇವಸ್ಥಾನದಲ್ಲಿ ಧನುರ್ಮಾಸದ ಹುಗ್ಗಿ. ತಿನ್ನುವುದಕ್ಕಿಂತ ಕೈ ಬೆಚ್ಚಗಾಗಲಿ ಅಂತಲೇ ದೊನ್ನೆ ಹಿಡಿದುಕೊಳ್ಳುತ್ತಿದ್ದೆವು. ಅಂಥವಳನ್ನು ತಂದು ಡಿಸೆಂಬರಿನಲ್ಲಿ ಸಮುದ್ರದ ದಡದಲ್ಲಿ ನಿಲ್ಲಿಸಿದರೆ ಹೇಗಾಗಬೇಡ.

ಇರಲಿ. "ನಾನಿಲ್ಲದೆ ಏನೇನು ಮಾಡಿದಿರಿ" ಅಂತ ಕೇಳಿದೆಯಲ್ಲ, ಹೇಳ್ತೀನಿ ಕೇಳು.

ಈ ಸಲದ ಹೀರೋಯಿನ್ ನಿಮ್ಮ ಅಜ್ಜಿ. ಬಂದು ಮೂರೇ ದಿನಕ್ಕೆ ನಮ್ಮ ರಸ್ತೆಯ ಪೊಹುಟುಕಾವಾ ಮರದ ಕೆಳಗೆ ನಿಂತುಬಿಟ್ಟರು. ಪೂರ್ತಿ ಕೆಂಪು, ಕೆಳಗೂ ಕೆಂಪು ಎಳೆಗಳ ಹಾಸು, ಅಪ್ಪನ ಕಾರಿನ ವೈಪರ್ ಸಂದಿಯಲ್ಲೂ ಅದೇ. ಇಲ್ಲಿಯವರು ಇದನ್ನೇ ಕ್ರಿಸ್‌ಮಸ್ ಮರ ಅನ್ನೋದು ಅಂದೆ. ಅಜ್ಜಿ ಒಂದು ಹೂವನ್ನು ಕೈಯಲ್ಲಿ ಹಿಡಿದು, ದಳ ಹುಡುಕಿ, ಬರೀ ಕೇಸರ ಇರೋದು ನೋಡಿ, "ಇದು ಪನ್ನೇರಳೆ ಜಾತಿ ಕಣೇ, ಅದು ಬೆಳ್ಳಗೆ, ಇದು ಕೆಂಪು ಅಷ್ಟೆ" ಅಂದರು. ನಿನ್ನ ತಮ್ಮ ನಂಬಲಿಲ್ಲ. ಫೋನಿನಲ್ಲಿ ಹುಡುಕಿ ನೋಡಿದರೆ ನಿಜಕ್ಕೂ ಎರಡೂ ಒಂದೇ ಕುಟುಂಬದವು. ಎಪ್ಪತ್ತನಾಲ್ಕು ವರ್ಷದ ಅಜ್ಜಿ ಮುಂದೆ ಅವನ ಮುಖ ನೋಡಬೇಕಿತ್ತು.

ನನಗೆ ಆ ಮರ ನೋಡಿದಾಗಲೆಲ್ಲ ಗುಲ್‌ಮೊಹರ್ ನೆನಪು. ನಮಗೆ ಅದು ಕೆಂಪಾಯಿತು ಅಂದರೆ ಪರೀಕ್ಷೆ ಮುಗಿಯಿತು, ಊರಿಗೆ ಹೊರಡು ಅಂತ. ನಿನಗೆ ಪೊಹುಟುಕಾವಾ ಹಾಗೇ ಅಲ್ವಾ?

ಅಜ್ಜಿ ಸುಮ್ನೆ ಕೂರುವವರಲ್ಲ. "ಇಂಥ ಬಿಸಿಲು ಹಾಳು ಮಾಡ್ತೀರಲ್ಲ" ಅಂತ ಡೆಕ್ ಮೇಲೆ ಹಳೇ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಟ್ಟರು. ಡಿಸೆಂಬರಿನಲ್ಲಿ ಸಂಡಿಗೆ! ಕಾಗೆ ಬರುತ್ತೆ ಅಂತ ಕಾಯುತ್ತಾ ಕೂತಿದ್ದರು, ಬಂದಿದ್ದು ಗೊರವಂಕ. ಯಾವುದೋ ಕಾಲದಲ್ಲಿ ಹಡಗಿನಲ್ಲಿ ತಂದು ಬಿಟ್ಟ ನಮ್ಮೂರ ಮೈನಾ, ಈಗ ಆಕ್ಲೆಂಡ್ ತುಂಬಾ ಅದರದೇ ದರ್ಬಾರು. ಸಾಲು ಹಿಡಿದು ತಿಂದವು. ಅಜ್ಜಿಗೆ ಸಿಟ್ಟೇ ಬರಲಿಲ್ಲ, "ನಮ್ಮವೇ, ತಿನ್ನಲಿ ಬಿಡು" ಅಂದರು. ಅದೇ ಸಂಡಿಗೆ ನಾನು ತಿಂದಿದ್ದರೆ ಬೈಸಿಕೊಳ್ಳುತ್ತಿದ್ದೆ.

23ಕ್ಕೆ ಫ್ರಾಂಕ್ಲಿನ್ ರೋಡಿನ ದೀಪ ನೋಡಲು ಹೊರಟೆವು. ನಿನಗೆ ಗೊತ್ತಲ್ಲ ಅಲ್ಲಿನ ಗೋಳು, ದೀಪ ನೋಡಬೇಕಾದರೆ ಕತ್ತಲಾಗಬೇಕು, ಕತ್ತಲಾಗಬೇಕಾದರೆ ಒಂಬತ್ತು ದಾಟಬೇಕು. ಅಜ್ಜಿ ಎಂಟಕ್ಕೆ ಮಲಗುವವರು. ಕಾರಲ್ಲೇ ತೂಕಡಿಸಿ, "ಈ ಊರಲ್ಲಿ ಸೂರ್ಯನಿಗೆ ಮನೆ ಮಠ ಇಲ್ವೇನೇ" ಅಂತ ಕೇಳಿದರು.

25ರಂದು ಪಕ್ಕದ ಮನೆಯವರ ಹಿತ್ತಿಲಲ್ಲಿ ಬಾರ್ಬೆಕ್ಯೂ, ಯಾವಾಗಲಿನಂತೆ. ನಮ್ಮ ಪಾಲಿಗೆ ಚಿತ್ರಾನ್ನ, ಮೊಸರನ್ನ. ಬೆಳಿಗ್ಗೆ ನೋಡಿದರೆ ಮೊಸರು ಖಾಲಿ, ಹಾಲೂ ಖಾಲಿ. ಕಾನೂನಿನ ಪ್ರಕಾರ ಅಂಗಡಿ ಮುಚ್ಚಲೇಬೇಕಾದ ದಿನ ವರ್ಷಕ್ಕೆ ಮೂರೂವರೆ, ಅದರಲ್ಲಿ ಇದೊಂದು. ಇಷ್ಟು ವರ್ಷವಾದರೂ ಅಪ್ಪನಿಗೆ ಅದು ನೆನಪಿರುವುದಿಲ್ಲ. ಪುಣ್ಯಕ್ಕೆ ಮೂಲೆಯ ಡೈರಿ ತೆರೆದಿತ್ತು. ಡೈರಿ ಅಂದ ಕೂಡಲೇ ಅಜ್ಜಿ ಕ್ಯಾನು ಕೊಡ್ತೀನಿ ಇರು ಅಂತ ಎದ್ದರು, ಇಲ್ಲಿ ಡೈರಿ ಅಂದರೆ ಚಿಲ್ಲರೆ ಅಂಗಡಿ ಅಂತ ತಿಳಿಸಿ ಹೇಳುವಷ್ಟರಲ್ಲಿ ಅಪ್ಪ ಹಾಲು ಮೊಸರು ಎರಡೂ ತಂದಿದ್ದರು. ಅಜ್ಜಿಗಾಗಿ ಪಕ್ಕದ ಮನೆಯವರು ಬೇರೆ ತವಾ ಇಟ್ಟು ಮುಸುಕಿನ ಜೋಳ ಸುಟ್ಟುಕೊಟ್ಟರು. ಹೇಳದೆಯೇ.

ಆಮೇಲೆ 27ಕ್ಕೆ ಹಾಟ್ ವಾಟರ್ ಬೀಚ್. ಇದನ್ನು ಸ್ವಲ್ಪ ಜಾಸ್ತಿನೇ ಬರೀತೀನಿ.

ಆ ಬೀಚು ಇರುವ ಇಲ್ಲಿನ ಕೋರಮಂಡಲ್‌ಗೆ ಎರಡೂವರೆ ಗಂಟೆಯ ದಾರಿ, ರಜೆ ಟ್ರಾಫಿಕ್‌ನಲ್ಲಿ ನಾಲ್ಕಾಯಿತು. ಅಲ್ಲಿ ಸಮುದ್ರ ಪೂರ್ತಿ ಇಳಿಯುವ ಹೊತ್ತಿಗೆ ಎರಡು ಗಂಟೆ ಮುಂಚೆ, ಎರಡು ಗಂಟೆ ಆಮೇಲೆ, ಮರಳು ಅಗೆದು ಬಿಸಿನೀರಿನ ಗುಂಡಿ ಮಾಡಿಕೊಳ್ಳಲು ಅಷ್ಟೇ ಟೈಮು. ಅಪ್ಪ ದಾರಿಯುದ್ದಕ್ಕೂ ಗಡಿಯಾರ ನೋಡಿದ್ದೇ ನೋಡಿದ್ದು. ತಲುಪಿದಾಗ ಆಗಲೇ ಇಡೀ ಬೀಚು ತಿಪ್ಪೆ ಕೆದಕಿದ ಹಾಗೆ ಗುಂಡಿ ಗುಂಡಿ. ಬಾಡಿಗೆ ಸಲಿಕೆ ತಂದು ನಿನ್ನ ತಮ್ಮ ಅಗೆದ ಅಗೆದ, ಬಂದಿದ್ದು ಐಸ್ ನೀರು. ಎರಡು ಮಾರು ಆಚೆ ಅಗೆದರೆ ಕಾಲು ಇಡಲಾಗದಷ್ಟು ಬಿಸಿ. ನೆಲದಡಿಯಿಂದ ಬರುವ ಆ ನೀರು 64 ಡಿಗ್ರಿವರೆಗೂ ಇರುತ್ತದಂತೆ, ಅಪ್ಪ ಅದನ್ನು ಹೇಳುತ್ತಲೇ ಕಾಲಿಟ್ಟು ಕುಣಿದರು. ಕೊನೆಗೆ ಅಜ್ಜಿಯೇ ಮೇಸ್ತ್ರಿ. "ಹಂಡೆ ನೀರು ಹದ ಮಾಡೋದು ಗೊತ್ತಿಲ್ವಾ" ಅಂತ ಸಮುದ್ರದ ಕಡೆಯ ಮರಳಿನ ಕಟ್ಟೆ ಒಂಚೂರು ಒಡೆಸಿ, ತಣ್ಣೀರು ಬಿಡಿಸಿ, ಬೆರಳು ಅದ್ದಿ ನೋಡಿ, ಮತ್ತೆ ಮುಚ್ಚಿಸಿದರು. ಆಮೇಲೆ ಸೀರೆ ಎತ್ತಿ ಕಟ್ಟಿ ಗುಂಡಿಯಲ್ಲಿ ಕೂತರು ನೋಡು, ಮಂಡಿ ನೋವು ಅಂತ ಮೆಟ್ಟಿಲು ಹತ್ತದವರು, ಅಲೆ ಬಂದು ಕಟ್ಟೆ ಕೊಚ್ಚಿಕೊಂಡು ಹೋಗುವವರೆಗೂ ಏಳಲಿಲ್ಲ. ಫೋಟೋ ಕಳಿಸ್ತೀನಿ, ಯಾರಿಗೂ ತೋರಿಸಬೇಡ ಅಂದಿದ್ದಾರೆ.

ನಿನ್ನ ತಮ್ಮ ಎಂದಿನಂತೆ ಸನ್‌ಸ್ಕ್ರೀನ್ ಹಚ್ಚಿಕೊಳ್ಳಲಿಲ್ಲ, ಬೆನ್ನು ಸುಲಿಯುತ್ತಿದೆ. ಅಪ್ಪನ ಪಾಠ ಬೇರೆ: ಜನವರಿ ಮೊದಲ ವಾರ ಭೂಮಿ ಸೂರ್ಯನಿಗೆ ವರ್ಷದಲ್ಲೇ ಅತಿ ಹತ್ತಿರವಂತೆ. ಹತ್ತಿರ ನಿನಗೂ ಹೌದು, ನಮಗೂ ಹೌದು. ವಾಲಿರುವುದು ನಮ್ಮ ಕಡೆ, ಅಷ್ಟೆ. ನಡುಗುವಾಗ ಇದನ್ನು ನೆನೆಸಿಕೊಂಡರೆ ಏನೂ ಉಪಯೋಗವಿಲ್ಲ, ಗೊತ್ತು. ಥರ್ಮಲ್ ಹಾಕಿಕೋ.

ಇನ್ನೊಂದು ವಿಷಯ, ಬೈಯಬೇಡ. ನೀನಿಲ್ಲ ಅಂತ ಪಾವ್ಲೋವಾ, ಆ ಮೊಟ್ಟೆ ಬಿಳಿಯ ಸಿಹಿ, ಈ ಸಲ ನಾನೇ ಮಾಡಿದೆ. ಸರಿಯಾಗೇ ಉಬ್ಬಿತ್ತು, ತಡೆಯಲಾರದೆ ನಡುವೆ ಅವನ್ ಬಾಗಿಲು ತೆಗೆದೆ, ಕುಸಿದು ರೊಟ್ಟಿಯಾಯಿತು. ಮೇಲೆ ಕ್ರೀಮು, ಸ್ಟ್ರಾಬೆರಿ, ಕಿವಿ ಹಣ್ಣು ಜಾಸ್ತಿ ಹಾಕಿ ಮರ್ಯಾದೆ ಉಳಿಸಿಕೊಂಡೆ. ಮೊಟ್ಟೆ ಅಂತ ಅಜ್ಜಿ ಬರೀ ಸ್ಟ್ರಾಬೆರಿ ತಿಂದರು. ನೀನು ಬೆಂದ ಮೇಲೂ ಅವನ್ ಒಳಗೇ ಬಿಡ್ತಿದ್ದೆಯಲ್ಲ, ಎಷ್ಟು ಹೊತ್ತು? ರಾತ್ರಿ ಪೂರ್ತಿನಾ? ಹೊಸ ವರ್ಷಕ್ಕೆ ಇನ್ನೊಮ್ಮೆ ಮಾಡಬೇಕು ಅಂತಿದೀನಿ, ಇಲ್ಲಿ ಹದಿಮೂರು ಗಂಟೆ ಮೊದಲೇ ಬರುತ್ತೆ, ಬೇಗ ಮೆಸೇಜ್ ಹಾಕು.

ಅಮ್ಮ