ಹೀತ್ ಕುರುಚಲು: ಬೆಂಕಿಗೂ ಲೆಕ್ಕವಿದೆ

ಮಾನ್ಯ ಸಂಪಾದಕರೇ,

ಸಿಡ್ನಿ ಸುತ್ತಲಿನ ಮರಳುಗಲ್ಲಿನ ಬಯಲು, ಇಳಿಜಾರುಗಳ ಬಗ್ಗೆ ಕಳೆದ ವಾರದ ಪುರವಣಿಯಲ್ಲಿ ಬಂದ ಪ್ರವಾಸ ಲೇಖನ ಚೆನ್ನಾಗಿತ್ತು. ಆದರೆ ಅಲ್ಲಿನ ಹೀತ್ ಕುರುಚಲು, ಅಂದರೆ ಬಡ ಮಣ್ಣಿನಲ್ಲಿ ಒತ್ತಾಗಿ ಬೆಳೆಯುವ ಗಿಡ್ಡ ಪೊದೆಗಾಡು, ‘ಬೆಂಕಿ ಬಿದ್ದಷ್ಟೂ ಹುಲುಸಾಗುತ್ತದೆ’ ಎಂದಿದ್ದು ಸರಿಯಲ್ಲ. ಬೆಂಕಿ ಬೇಕು, ನಿಜ. ಎಷ್ಟು ವರ್ಷಕ್ಕೊಮ್ಮೆ ಎನ್ನುವುದರಲ್ಲೇ ಎಲ್ಲ ಇದೆ.

ಸಿಡ್ನಿಯ ದಕ್ಷಿಣಕ್ಕಿರುವ ರಾಯಲ್ ನ್ಯಾಷನಲ್ ಪಾರ್ಕ್ ಉದ್ಯಾನದಲ್ಲಿ ಹೇರಳವಾಗಿರುವ ಬ್ಯಾಂಕ್ಸಿಯಾ ಎರಿಸಿಫೋಲಿಯಾ ಎಂಬ ಪೊದೆಗಿಡವನ್ನೇ ನೋಡಿ. ಅದರ ಕಿತ್ತಳೆ ಹೂಗೊಂಚಲು ಒಣಗಿದ ಮೇಲೆ ಕಾಳುದುರಿದ ಮುಸುಕಿನ ಜೋಳದ ದಿಂಡಿನಂತೆ ಗಟ್ಟಿಯಾಗಿ ಗಿಡದಲ್ಲೇ ಉಳಿಯುತ್ತದೆ. ಮೈತುಂಬ ಬಿಗಿದ ತುಟಿಗಳಂಥ ಕೋಶಗಳು. ಒಳಗೆ ರೆಕ್ಕೆಯ ಬೀಜ ಎರಡು, ನಡುವೆ ತೆಳು ಬಿಲ್ಲೆ. ಬೆಂಕಿಯ ಕಾವಿಗೆ ತುಟಿ ಬಿರಿದು ಬೀಜ ಬೂದಿಗೆ ಉದುರುತ್ತದೆ. ತಾಯಿಗಿಡ ಸಾಯುತ್ತದೆ, ಬುಡದಿಂದ ಮತ್ತೆ ಚಿಗುರುವುದಿಲ್ಲ. ಹೊಸ ಸಸಿ ಬೆಳೆದು ಹೂಬಿಟ್ಟು ಸಾಕಷ್ಟು ಬೀಜ ಕೂಡಿಡಲು ಏಳೆಂಟು ವರ್ಷವಾದರೂ ಬೇಕು. ನಾಲ್ಕನೇ ವರ್ಷಕ್ಕೇ ಮತ್ತೆ ಬೆಂಕಿ ಬಿದ್ದರೆ ಉದುರಲು ಬೀಜವೇ ಇರುವುದಿಲ್ಲ. ಆಗಲೂ ಜಾಗ ಹಸಿರಾಗಿಯೇ ಕಾಣುತ್ತದೆ. ಬುಡದ ಗಡ್ಡೆಯಿಂದ ಚಿಗುರುವ ಬ್ಯಾಂಕ್ಸಿಯಾ ಆಬ್ಲಾಂಗಿಫೋಲಿಯಾ, ತುದಿಯಲ್ಲಿ ಹುಲ್ಲಿನ ಕುಚ್ಚು ಹೊತ್ತ ಹುಲ್ಲುಮರ ಎಲ್ಲ ಇರುತ್ತವೆ, ಎರಿಸಿಫೋಲಿಯಾ ಮಾತ್ರ ಇರುವುದಿಲ್ಲ. ಲೇಖಕರು ಮೋಸಹೋದದ್ದು ಈ ಹಸಿರಿಗೇ ಇರಬೇಕು.

ನ್ಯೂ ಸೌತ್ ವೇಲ್ಸ್‌ನಲ್ಲಿ ಹೀತ್‌ಗೆ ಎರಡು ಬೆಂಕಿಗಳ ನಡುವೆ 7ರಿಂದ 30 ವರ್ಷದ ಅಂತರ ಇಟ್ಟುಕೊಂಡಿರುವುದು ಇದಕ್ಕೇ. ತೀರಾ ತಡವಾದರೂ ಎತ್ತರದ ಪೊದೆಗಳ ನೆರಳಿಗೆ ಕೆಳಗಿನ ಸಣ್ಣ ಗಿಡಗಳು ಅಡಗುತ್ತವೆ. ಈ ಉದ್ಯಾನದ ಶೇ 90ಕ್ಕೂ ಹೆಚ್ಚು ಭಾಗ 1994ರ ಜನವರಿಯಲ್ಲಿ ಸುಟ್ಟಿತ್ತು. 2001ರ ಕ್ರಿಸ್‌ಮಸ್ ಹೊತ್ತಿಗೆ ದೊಡ್ಡ ಭಾಗ ಮತ್ತೆ ಸುಟ್ಟಿತು. ಎಂಟು ವರ್ಷ, ಕನಿಷ್ಠ ಮಿತಿಯ ಅಂಚು.

‘ಬಡ ಮಣ್ಣು, ಗೊಬ್ಬರ ಬಿದ್ದರೆ ಇನ್ನೂ ಚೆನ್ನಾಗಿ ಬಂದೀತು’ ಎಂಬ ಲೇಖನದ ಮಾತಂತೂ ಅಪಾಯದ್ದು. ಸಿಡ್ನಿಯ ಮಕ್ಕಳ ಮನೆಗೆ ಹೋದ ನಮ್ಮ ಹಿರಿಯರು ಹಿತ್ತಲಿನ ಬ್ಯಾಂಕ್ಸಿಯಾ, ಅದರದೇ ಕುಟುಂಬದ ಕೆಂಪು ಹೂವಿನ ವಾರಟಾ ಬುಡಕ್ಕೆ ಅಕ್ಕರೆಯಿಂದ ಕೋಳಿಗೊಬ್ಬರ, ಮೂಳೆಪುಡಿ ಸುರಿಯುವುದುಂಟು. ಎಳೆ ಎಲೆ ಹಳದಿಯಾಗಿ, ಹಳೆ ಎಲೆಯ ಅಂಚು ಸುಟ್ಟಂತಾದರೆ ರಂಜಕ (ಫಾಸ್ಫರಸ್) ಹೆಚ್ಚಾಗಿರಬೇಕು. ಬಾಟಲಿ ತೊಳೆಯುವ ಬ್ರಷ್‌ನಂಥ ಬೇರುಗೊಂಚಲಿನಿಂದ ಆಮ್ಲ ಒಸರಿಸಿ, ಮಣ್ಣಿಗಂಟಿದ ಚೂರುಪಾರು ರಂಜಕವನ್ನೂ ಬಿಡಿಸಿಕೊಂಡು ಹೀರುವ ಗಿಡಗಳಿವು. ಸಾಕೆಂದಾಗ ನಿಲ್ಲಿಸುವುದು ಹಲವಕ್ಕೆ ಬಾರದು. ಮೇಲಿನ ಗೊಬ್ಬರ ಕೆರೆದು ತೆಗೆದು, ರಂಜಕ ಕಡಿಮೆಯೆಂದು ಚೀಟಿಯಿರುವ ಗೊಬ್ಬರವನ್ನಷ್ಟೇ ಬಳಸಬೇಕು. ಕೊಡಗಿನ ಕಾಫಿ ತೋಟದ ಸಿಲ್ವರ್ ಓಕ್ ಇದೇ ಕುಟುಂಬದ್ದು, ಆದರೆ ಅದು ಮಳೆಕಾಡಿನ ಮರ. ಅದನ್ನು ನೋಡಿ ಇವಕ್ಕೆ ಲೆಕ್ಕ ಹಾಕುವಂತಿಲ್ಲ. ಮನೆ ಇಳಿಜಾರಿನ ತಲೆಯಲ್ಲಿದ್ದರೆ ಲಾನ್‌ಗೆ ಹಾಕಿದ ಗೊಬ್ಬರವೂ ಮಳೆನೀರಿನೊಡನೆ ಕೆಳಗಿನ ಹೀತ್‌ಗೆ ಇಳಿಯುತ್ತದೆ, ಅದರ ಹಿಂದೆಯೇ ಕಳೆ.

ಕೊನೆಗೆ, ಲೇಖನದಲ್ಲಿ ಬಿಟ್ಟುಹೋದ ಒಂದು ಸಂಗತಿ. ಕಾಲುದಾರಿ ಹಿಡಿಯುವ ಮುನ್ನ ಬೂಟಿನ ಮಣ್ಣನ್ನು ಒಣ ಬ್ರಷ್‌ನಿಂದ ಪೂರ್ತಿ ಕೆರೆದು, ಆಮೇಲೆ ಶೇ 70ರ ಮೆಥಿಲೇಟೆಡ್ ಸ್ಪಿರಿಟ್ ಸಿಂಪಡಿಸಬೇಕು. ಮಣ್ಣಿನ ಮೇಲೇ ಸಿಂಪಡಿಸಿದರೆ ಒಳಗಿನ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ರೋಗಾಣು ಸಾಯದು. ನಮ್ಮ ಅಡಕೆಗೆ ಕೊಳೆರೋಗ ತರುವ ಕುಲದ್ದೇ ಅದು. ಅಲ್ಲಿ ಹುಲ್ಲುಮರ, ಬ್ಯಾಂಕ್ಸಿಯಾಗಳ ಬೇರು ಕೊಳೆಸುತ್ತದೆ. ಅಡಕೆಗೆ ಹೊಡೆದಂತೆ ಬೋರ್ಡೊ ದ್ರಾವಣ ಹೊಡೆದು ಸುಧಾರಿಸೋಣವೆಂದರೆ ಗುಡ್ಡಕ್ಕೆಲ್ಲ ಹೊಡೆಯುವವರು ಯಾರು?

– ಒಬ್ಬ ಓದುಗ