ಬಲಗಡೆ ಸ್ಟೇರಿಂಗ್ ಗಾಡಿಗೆ ಎಡಗಡೆ ವೈರಿಂಗ್ ಕಳಿಸಿದ್ದೀರಿ, ಹಣ ವಾಪಸ್ ಕೊಡಿ

ಇವರಿಗೆ,
ಗ್ರಾಹಕ ದೂರು ವಿಭಾಗದ ಅಧಿಕಾರಿಗಳು

ಇವರಿಂದ,
ನಿಮ್ಮ ಗ್ರಾಹಕ, ಉದ್ಯಮಬಾಗ, ಬೆಳಗಾವಿ

ವಿಷಯ: ಹಾಟ್ ರಾಡ್ ಕಿಟ್ ಕಾರಿಗೆಂದು ನೀವು ಮಾರಿದ 12 ಸರ್ಕ್ಯೂಟ್ ವೈರಿಂಗ್ ಸೆಟ್ ಹೇಳಿದಂತೆ ಇಲ್ಲದಿರುವ ಬಗ್ಗೆ

ನಮಸ್ಕಾರ.

ಆನ್‌ಲೈನ್‌ನಲ್ಲಿ 34,500 ರೂಪಾಯಿ ಕಟ್ಟಿ ನಿಮ್ಮಿಂದ ಒಂದು ವೈರಿಂಗ್ ಸೆಟ್ ತರಿಸಿದ್ದೆ. ಬಿಲ್ಲು, ನಿಮ್ಮ ಸೇಲ್ಸ್ ಹುಡುಗನ ಜೊತೆ ನಡೆದ ವಾಟ್ಸಾಪ್ ಮಾತುಕತೆ, ಫೋಟೊಗಳು ಎಲ್ಲವನ್ನೂ ಈ ಪತ್ರದ ಜೊತೆ ಇಟ್ಟಿದ್ದೇನೆ. ಮಾಲು ನೀವು ಹೇಳಿದಂತೆ ಇಲ್ಲ. ಫೋನ್ ಮಾಡಿದರೆ ನಿಮ್ಮಲ್ಲಿ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಅದಕ್ಕೇ ಈಗ ಬರವಣಿಗೆಯಲ್ಲಿ ಕೊಡುತ್ತಿದ್ದೇನೆ.

ಮೊದಲು ಗಾಡಿ ಬಗ್ಗೆ ಹೇಳಿಬಿಡುತ್ತೇನೆ. ಇದು ಹಾಟ್ ರಾಡ್, ಅಂದರೆ ಹಳೆ ಕಾರಿನ ಆಕಾರಕ್ಕೆ ಬೇರೆ ಎಂಜಿನ್, ಬಿಡಿಭಾಗ ಜೋಡಿಸಿ ನಾವೇ ಕಟ್ಟುವ ಗಾಡಿ. 1932ರ ಫೋರ್ಡ್ ರೋಡ್‌ಸ್ಟರ್ ಆಕಾರದ ಫೈಬರ್ ಬಾಡಿ. ಚಾಸಿ ಇಲ್ಲೇ ಉದ್ಯಮಬಾಗದಲ್ಲಿ ವೆಲ್ಡಿಂಗ್ ಮಾಡಿಸಿದ್ದು. ಎಂಜಿನ್ ಹಳೆ ಅಂಬಾಸಡರ್‌ನಿಂದ ಇಳಿಸಿದ 1.8 ಲೀಟರಿನ ಇಸುಜು ಪೆಟ್ರೋಲ್. ಸ್ಟೇರಿಂಗ್, ಇಂಡಿಕೇಟರ್ ಸ್ವಿಚ್ಚು ಕೂಡ ಅದೇ ಅಂಬಾಸಡರ್‌ನವು. ಅಂದರೆ ಸ್ಟೇರಿಂಗ್ ಬಲಗಡೆ. ಅಮೆರಿಕದ ಹಾಟ್ ರಾಡ್ ಮಂದಿಗೆ 1932ರ ಮಾಡೆಲ್ ಮೇಲೆ ವಿಪರೀತ ಪ್ರೀತಿ. ಫೋರ್ಡ್ ತನ್ನ ಅಗ್ಗದ ಕಾರಿಗೆ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್ ಕೊಟ್ಟ ವರ್ಷ ಅದು. ಮೂಲ ಕಾರಿನಲ್ಲಿ ಇದ್ದದ್ದು 6 ವೋಲ್ಟಿನ ಬ್ಯಾಟರಿ, ಅದೂ ಪಾಸಿಟಿವ್ ಅರ್ಥ್, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಚಾಸಿಗೆ. ಈಗ ಕಿಟ್ ತಂದು ಕಟ್ಟುವವರು 12 ವೋಲ್ಟಿಗೆ, ನೆಗೆಟಿವ್ ಅರ್ಥ್‌ಗೆ ಹೋಗುತ್ತಾರೆ. ಹಾಗಾಗಿ ಇಂಥ ಗಾಡಿಗೆ ಹಳೆ ವೈರಿಂಗ್ ಅಂತ ಒಂದು ಇರೋದೇ ಇಲ್ಲ. ಮೊದಲ ತಂತಿಯಿಂದ ನಾವೇ ಆರಿಸಬೇಕು.

ಆರಿಸೋಕೆ ನನಗೆ ಬೇರೆ ದಾರಿ ಇರಲಿಲ್ಲ ಅಂತಲ್ಲ. ಅಂಬಾಸಡರ್‌ನ ಹಳೆ ವೈರಿಂಗನ್ನೇ ಹಾಕಬಹುದಿತ್ತು. ಆದರೆ ಅದರ ಪ್ಲಾಸ್ಟಿಕ್ಕು ಬಗ್ಗಿಸಿದಲ್ಲೆಲ್ಲ ಬಿರಿಯುತ್ತಿತ್ತು, ಅದನ್ನು ಕೈಬಿಟ್ಟೆ. ಮೂರನೇ ಗೇಟ್ ಹತ್ತಿರ ನಮ್ಮ ವೈರಿಂಗ್ ಮಿಸ್ತ್ರಿ ಕಾಕಾ ಇದ್ದಾರೆ. ಅವರು ಪ್ಲೈವುಡ್ ಹಲಗೆ ಮೇಲೆ ಗಾಡಿಯ ಅಳತೆಗೆ ಮೊಳೆ ಹೊಡೆದು, ಮೊಳೆಯಿಂದ ಮೊಳೆಗೆ ವೈರ್ ಎಳೆದು, ಟೇಪ್ ಸುತ್ತಿ ಪೂರ್ತಿ ಸೆಟ್ ಕಟ್ಟಿಕೊಡುತ್ತೇನೆ ಅಂದಿದ್ದರು. ನೀವು ತಗೊಂಡ ದುಡ್ಡಿನ ಅರ್ಧಕ್ಕೂ ಕಡಿಮೆ ಆಗುತ್ತಿತ್ತು. ಆದರೂ ಕಿಟ್ಟೇ ಬೇಕು ಅಂತ ನಾನು ಹಟ ಹಿಡಿದಿದ್ದಕ್ಕೆ ಕಾರಣ ಇದೆ. ಒಳ್ಳೆ ಕಿಟ್‌ನಲ್ಲಿ ಪ್ರತಿ ವೈರಿನ ಮೇಲೂ ಅದು ಎಲ್ಲಿಗೆ ಹೋಗುತ್ತೆ ಅಂತ ಉದ್ದಕ್ಕೂ ಅಚ್ಚಾಗಿರುತ್ತೆ. ಫ್ಯೂಸು, ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸಾಧನ) ಒಂದೇ ಕಡೆ ಇರುತ್ತವೆ. ಎಂಜಿನ್ ಬಿಸಿಗೆ ಕರಗದ ಕವಚ ಇರುತ್ತೆ. ಹತ್ತು ವರ್ಷ ಆದಮೇಲೆ ಬೇರೆ ಯಾರೋ ಬೋನೆಟ್ ತೆಗೆದರೂ ಅವರಿಗೆ ತಿಳಿಯುತ್ತೆ. ಇದನ್ನೆಲ್ಲ ನೀವೇ ನಿಮ್ಮ ಜಾಹೀರಾತಿನಲ್ಲಿ ಬರೆದಿದ್ದೀರಿ.

ದುಡ್ಡು ಕಟ್ಟೋ ಮುಂಚೆ ನಿಮ್ಮ ಹುಡುಗನಿಗೆ ನಾನು ಬಿಡಿಬಿಡಿಯಾಗಿ ಕೇಳಿದ್ದೆ. ಸ್ಟೇರಿಂಗ್ ಬಲಗಡೆ ಇದೆ, ಉದ್ದ ಸಾಲುತ್ತಾ? ಹಿಂದಿನ ಇಂಡಿಕೇಟರ್ ಬೇರೆ, ಬ್ರೇಕ್ ಲೈಟ್ ಬೇರೆ ಇದೆ, ಅದಕ್ಕೆ ಬೇರೆ ಬೇರೆ ವೈರ್ ಇದೆಯಾ? ಬಾಡಿ ಫೈಬರ್, ಅರ್ಥ್ ಹೇಗೆ? ವೈರ್ ಪೂರ್ತಿ ತಾಮ್ರವಾ, 125 ಡಿಗ್ರಿ ಬಿಸಿ ತಡೆಯುವ ಕವಚದ ಜಿಎಕ್ಸ್‌ಎಲ್ ವೈರಾ? ನಾಲ್ಕಕ್ಕೂ ಬಂದದ್ದು ಒಂದೇ ಉತ್ತರ. 'ಯೆಸ್ ಸರ್, ಆಗುತ್ತೆ ಸರ್.' ಕೊನೆಗೆ ಒಂದು ಹೆಬ್ಬೆರಳಿನ ಚಿತ್ರ. ಈಗ ತಿರುಗಿ ಓದಿದರೆ ಆತ ನನ್ನ ಪ್ರಶ್ನೆ ಓದಿದ್ದಾನೆ ಅಂತಲೇ ಅನ್ನಿಸೋದಿಲ್ಲ.

ಬಂದ ಮಾಲಿನ ಕಥೆ ಕೇಳಿ. ಜೊತೆಗಿರುವ ಪುಸ್ತಕದ ಚಿತ್ರದಲ್ಲೇ ಸ್ಟೇರಿಂಗ್ ಎಡಗಡೆ ಇದೆ. ಫ್ಯೂಸ್ ಪೆಟ್ಟಿಗೆಯನ್ನು ಆ ಎಡಗಡೆ ಡ್ರೈವರನ ಎಡಗಾಲಿನ ಹತ್ತಿರ ಕೂರಿಸಬೇಕು ಅಂತ ತೋರಿಸಿದ್ದಾರೆ. ಅಲ್ಲಿ ಕೂರಿಸಿದರೆ ಇಗ್ನಿಷನ್ ಕೀ, ಲೈಟ್ ಸ್ವಿಚ್ಚು, ಇಂಡಿಕೇಟರ್ ಯಾವುದರ ವೈರೂ ನಮ್ಮ ಬಲಗಡೆ ಸ್ಟೇರಿಂಗ್ ಕಂಬದ ತನಕ ಮುಟ್ಟೋದಿಲ್ಲ. ಬಲಕ್ಕೆ ಕೂರಿಸಿದರೆ ಎಂಜಿನ್ ಕಡೆಯವು ಸಾಲೋದಿಲ್ಲ, ಯಾಕಂದರೆ ಈ ಎಂಜಿನ್ನಿನ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಇನ್ನೊಂದು ಕಡೆ ಇದೆ. ಎಲ್ಲಿ ಇಟ್ಟರೂ ಜೋಡಣೆ ಹಾಕಲೇಬೇಕು. ಡ್ಯಾಶ್‌ಬೋರ್ಡ್ ಹಿಂದೆ ಜೋಡಣೆಗಳ ಗುಂಪು ಬೇಡ ಅಂತಲ್ಲವೇ ಕಿಟ್ ತಗೊಂಡದ್ದು?

ಆದರೂ ಉದ್ದ ಕಡಿಮೆ ಆದದ್ದನ್ನು ಬೇಕಾದರೆ ಸಹಿಸಬಹುದು. ಬ್ರೇಕ್ ಲೈಟಿನ ವಿಷಯ ಹಾಗಲ್ಲ. ಅಮೆರಿಕದ ಹಳೆ ಕಾರುಗಳಲ್ಲಿ ಹಿಂದಿನ ಕೆಂಪು ಬಲ್ಬೇ ಬ್ರೇಕಿಗೂ ಉರಿಯುತ್ತೆ, ಇಂಡಿಕೇಟರಿಗೂ ಮಿನುಗುತ್ತೆ. ಬ್ರೇಕ್ ಪೆಡಲಿನ ಸ್ವಿಚ್ಚಿನಿಂದ ಬಿಳಿ ವೈರು ಸ್ಟೇರಿಂಗ್ ಕಂಬದ ಇಂಡಿಕೇಟರ್ ಸ್ವಿಚ್ಚಿಗೆ ಹೋಗುತ್ತೆ. ಅಲ್ಲಿಂದ ಹಳದಿ ವೈರು ಎಡ ಹಿಂಬದಿಗೆ, ಕಡುಹಸಿರು ಬಲ ಹಿಂಬದಿಗೆ. ಇದು ಜನರಲ್ ಮೋಟಾರ್ಸ್ ಬಣ್ಣದ ಪದ್ಧತಿ, ನಿಮ್ಮ ಸೆಟ್ ಇರೋದೂ ಅದೇ ಪದ್ಧತಿಯಲ್ಲಿ. ನಮ್ಮಲ್ಲಿ ಇಂಡಿಕೇಟರ್ ಹಳದಿ ಬಣ್ಣದ್ದು, ಅದರ ಬಲ್ಬು ಬೇರೆ. ಬ್ರೇಕಿನದು ಪೆಡಲಿನಿಂದ ಸೀದಾ ಹಿಂದಕ್ಕೆ ಹೋಗುತ್ತೆ. ಅದಕ್ಕೆ ಒಂದು ವೈರ್ ಜಾಸ್ತಿ ಬೇಕು. ನಿಮ್ಮ ಸೆಟ್‌ನಲ್ಲಿ ಅದು ಇಲ್ಲ.

ಇದನ್ನು ಹೇಳಿದಾಗ ನಿಮ್ಮ ಟೆಕ್ನಿಕಲ್ ಸಪೋರ್ಟ್‌ನವರು ಕೊಟ್ಟ ಸಲಹೆ ನೋಡಿ. ಬ್ರೇಕಿನ ಬಿಳಿ ವೈರನ್ನು ಹಳದಿಗೂ ಹಸಿರಿಗೂ ಸೇರಿಸಿ ತಿರುಚಿಬಿಡಿ, ಅಷ್ಟೇ! ಹಾಗೆ ಮಾಡಿದರೆ ಏನಾಗುತ್ತೆ ಅಂತ ಅವರು ಯೋಚಿಸಿದಂತಿಲ್ಲ. ಎಡಕ್ಕೆ ಸಿಗ್ನಲ್ ಹಾಕಿದರೆ ಕರೆಂಟು ಆ ಜೋಡಣೆಯಿಂದ ಬಲಕ್ಕೂ ಹರಿದು ನಾಲ್ಕೂ ಮೂಲೆ ಮಿನುಗುತ್ತವೆ. ಬ್ರೇಕ್ ಒತ್ತಿದರೆ ಮುಂದಿನ ಇಂಡಿಕೇಟರುಗಳೂ ಹತ್ತಿಕೊಳ್ಳುತ್ತವೆ. ಹಿಂದೆ ಬರುವವನಿಗೆ ಈ ಗಾಡಿ ತಿರುಗುತ್ತಾ ನಿಲ್ಲುತ್ತಾ ಅಂತ ತಿಳಿಯಬೇಕಾದದ್ದು ಹೇಗೆ?

ಅರ್ಥ್ ವಿಷಯಕ್ಕೆ ಜಾಸ್ತಿ ಬರೆಯೋದಿಲ್ಲ. ಫೈಬರ್ ಬಾಡಿಯಲ್ಲಿ ಕರೆಂಟ್ ಹರಿಯೋದಿಲ್ಲ. ಪ್ರತಿ ಲೈಟಿಗೂ ಚಾಸಿಗೆ ವಾಪಸ್ ಬರುವ ಕಪ್ಪು ವೈರ್ ಬೇಕು. ನಿಮ್ಮ ಪೆಟ್ಟಿಗೆಯಲ್ಲಿ ಇದ್ದದ್ದು ಮೊಳದುದ್ದದ ಎರಡು ತುಂಡು. ಪುಸ್ತಕದಲ್ಲಿ 'ಬಾಡಿಗೆ ಸ್ಕ್ರೂ ಹಾಕಿ' ಅಂತಿದೆ. ಆ ಸ್ಕ್ರೂ ಹಾಕಿದರೆ ಬಾಡಿಗೆ ತೂತು ಬೀಳುತ್ತೆ ಅಷ್ಟೇ, ಲೈಟ್ ಹತ್ತೋದಿಲ್ಲ.

ಇನ್ನು ವೈರ್. ನನಗೆ ನಿಜವಾಗಿ ಸಿಟ್ಟು ಬಂದದ್ದು ಇಲ್ಲಿ. ರೇಡಿಯೇಟರ್ ಫ್ಯಾನಿಗೆ ಹೋಗುವ ವೈರಿನ ತುದಿ ಸುಲಿದಾಗ ಒಳಗೆ ಕೆಂಪಗೆ, ಹೊಳೆಯುವ ಎಳೆಗಳೇ ಕಂಡವು. ಕಾಕಾ ಅದನ್ನು ಕೈಯಲ್ಲಿ ತೂಗಿ ನೋಡಿ ಸುಮ್ಮನಾದರು. ಆಮೇಲೆ ಒಂದು ಎಳೆಯನ್ನು ಉಗುರಿನ ಮೇಲೆ ಇಟ್ಟು ಬ್ಲೇಡಿನಿಂದ ಕೆರೆದರು. ಕೆಂಪು ಹೋಗಿ ಬೆಳ್ಳಗೆ ಆಯಿತು. ಇನ್ನೊಂದು ಎಳೆಗೆ ಗ್ಯಾಸ್ ಬರ್ನರಿನ ಉರಿ ತೋರಿಸಿದರು. ತಾಮ್ರ ಆಗಿದ್ದರೆ ಕೆಂಡದಂತೆ ಕೆಂಪಾಗಿ ನಿಲ್ಲಬೇಕಿತ್ತು. ಇದು ಕಾಣುತ್ತಿದ್ದಂತೆ ಬಾಗಿ ಮುರಿದು ಬಿತ್ತು. 'ತಮ್ಮಾ, ತಾಮ್ರ ಅಲ್ಲೋ ಇದು. ಅಲ್ಯೂಮಿನಂ ಐತಿ, ಮ್ಯಾಲ ತಾಮ್ರದ ನೀರ ಕುಡಿಸ್ಯಾರ' ಅಂದರು.

ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತೆ, ತಾಮ್ರಕ್ಕೆ 1085 ಡಿಗ್ರಿ ಬೇಕು. ಕಣ್ಣಿಗೆ ಮೋಸ ಮಾಡಬಹುದು, ಉರಿಗೆ ಆಗೋದಿಲ್ಲ. ಇಂಥ ವೈರಿಗೆ ಅಷ್ಟೇ ದಪ್ಪದ ತಾಮ್ರದ ವೈರಿಗಿಂತ ಕರೆಂಟಿಗೆ ಹೆಚ್ಚುಕಡಿಮೆ ಒಂದೂವರೆ ಪಟ್ಟು ತಡೆ ಇರುತ್ತೆ. ನಮ್ಮ ರೇಡಿಯೇಟರ್ ಫ್ಯಾನ್ ಓಡುವಾಗ 20 ಆಂಪಿಯರ್ ಮೇಲೆ ಎಳೆಯುತ್ತೆ, ಶುರುವಾಗುವ ಕ್ಷಣದಲ್ಲಿ ಇನ್ನೂ ಜಾಸ್ತಿ. ತಾಮ್ರ ಅಂತ ಲೆಕ್ಕ ಹಾಕಿ ಹಾಕಿದ ಫ್ಯೂಸು ಈ ವೈರನ್ನು ಕಾಯೋದಿಲ್ಲ. ಫ್ಯೂಸ್ ಇರೋದೇ ವೈರ್ ಕಾಯೋಕೆ ಅಲ್ವಾ? ಸಾಲದ್ದಕ್ಕೆ ಬೆಳಗಾವಿ ಮಳೆ. ಜೂನ್‌ನಲ್ಲಿ ಹಿಡಿದರೆ ಇಲ್ಲಿ ಗೋಡೆಗಳೇ ಒಣಗೋದಿಲ್ಲ. ಆ ತೇವದಲ್ಲಿ ವೈರ್ ತುದಿಗೆ ಹಾಕುವ ಹಿತ್ತಾಳೆ ಲಗ್ಗಿನೊಳಗೆ ಒತ್ತಿದ ಅಲ್ಯೂಮಿನಿಯಂ ಎಳೆ ಬಿಳಿ ಪುಡಿಯಾಗೋದು ಈ ಊರಿನ ಪ್ರತಿ ಮಿಸ್ತ್ರಿಗೂ ಗೊತ್ತು.

ಕವಚವೂ ನೀವು ಹೇಳಿದ್ದಲ್ಲ. ಕಾದ ಸೋಲ್ಡರಿಂಗ್ ಕಡ್ಡಿ ಮುಟ್ಟಿಸಿದರೆ ಬೆಣ್ಣೆಯಂತೆ ಇಳಿಯುತ್ತೆ. ನಿಜವಾದ ಜಿಎಕ್ಸ್‌ಎಲ್ ಕವಚ ಹಾಗೆ ಕರಗಿ ಹರಿಯೋದಿಲ್ಲ. ಇದು ಸಾದಾ ಪಿವಿಸಿ. ವೈರ್ ಮೇಲೆ ಅಚ್ಚಾಗಿರುವ ಹೆಸರುಗಳಂತೂ ಬೆರಳಿಗೆ ಉಗುಳು ಹಚ್ಚಿ ಉಜ್ಜಿದರೆ ಹೋಗುತ್ತವೆ. ಪೆಟ್ರೋಲ್ ತಾಗಿದರೆ ಕೇಳೋದೇ ಬೇಡ.

ಹೆಡ್‌ಲೈಟಿಗೆ ರಿಲೇ ಇದೆ ಅಂತ ಜಾಹೀರಾತಿನಲ್ಲಿದೆ. ಪೆಟ್ಟಿಗೆಯಲ್ಲಿ ಹಾರ್ನಿಗೆ ಒಂದು, ಫ್ಯಾನಿಗೆ ಒಂದು, ಅಷ್ಟೇ. ಹೆಡ್‌ಲೈಟಿನ ಪೂರ್ತಿ ಕರೆಂಟು ಡ್ಯಾಶ್‌ಬೋರ್ಡ್ ಸ್ವಿಚ್ಚಿನಿಂದಲೇ ಹೋಗಬೇಕು. 60 ವ್ಯಾಟಿನ ಎರಡು ಬಲ್ಬು, ಅಂದರೆ ಸುಮಾರು 10 ಆಂಪಿಯರ್. ಪರೀಕ್ಷೆಗೆ ಅಂತ ಹಾಕಿ ಎಂಜಿನ್ ಓಡಿಸಿ ಮೀಟರ್ ಹಿಡಿದೆವು. ಬ್ಯಾಟರಿ ಹತ್ತಿರ 14.1 ವೋಲ್ಟ್, ಬಲ್ಬಿನ ಹತ್ತಿರ 11.3. ವೋಲ್ಟೇಜ್ ಐದರಲ್ಲಿ ಒಂದು ಪಾಲು ಬಿದ್ದರೆ ಹ್ಯಾಲೊಜನ್ ಬಲ್ಬಿನ ಬೆಳಕು ಸುಮಾರು ಅರ್ಧಕ್ಕೆ ಇಳಿಯುತ್ತೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ಫ್ಯೂಸ್ ಪೆಟ್ಟಿಗೆಯಲ್ಲಿ 20 ಆಂಪಿಯರಿನ ಹಳದಿ ಫ್ಯೂಸಿನ ಪ್ಲಾಸ್ಟಿಕ್ಕು ಒಂದು ಕಡೆ ಮೆತ್ತಗಾಗಿ ವಾಲಿತ್ತು. ಒಳಗಿನ ತಂತಿ ಮಾತ್ರ ಹಾಗೇ ಇತ್ತು. ಫ್ಯೂಸ್ ಹಿಡಿಯುವ ಕ್ಲಿಪ್ಪು ಸಡಿಲ ಇದೆ. ಬಿಸಿ ಹುಟ್ಟುತ್ತಿರೋದು ಅಲ್ಲಿ. ಫ್ಯೂಸ್ ನೋಡೋದು ಎಷ್ಟು ಕರೆಂಟ್ ಹರಿಯುತ್ತಿದೆ ಅಂತ ಮಾತ್ರ. ತನ್ನ ಕಾಲು ಬೇಯುತ್ತಿದ್ದರೂ ಅದು ಹಾರೋದಿಲ್ಲ. ಪೆಟ್ರೋಲ್ ಟ್ಯಾಂಕ್ ಇರುವ ಫೈಬರ್ ಗಾಡಿಯಲ್ಲಿ ಇದರ ಅರ್ಥ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾ?

ಈಗ ನಿಮ್ಮ ನೆಪಗಳಿಗೆ ಬರುತ್ತೇನೆ. 'ಕತ್ತರಿಸಿದ ವೈರ್ ವಾಪಸ್ ತಗೊಳ್ಳೋದಿಲ್ಲ' ಅಂದಿರಿ. ಇದು ಯಾವ ಗಾಡಿಗಾದರೂ ಆಗುವ ಸೆಟ್. ಅಳತೆಗೆ ಕತ್ತರಿಸಿ ಹಾಕಿ ಅಂತ ನಿಮ್ಮ ಪುಸ್ತಕದ ಮೊದಲ ಪುಟದಲ್ಲೇ ಇದೆ. ಕತ್ತರಿಸದೆ ಒಳಗೆ ಏನಿದೆ ಅಂತ ನೋಡೋದು ಹೇಗೆ? ಕತ್ತರಿಸಿದರೆ ವಾಪಸ್ ಇಲ್ಲ, ಕತ್ತರಿಸದಿದ್ದರೆ ದೋಷ ಕಾಣೋದಿಲ್ಲ. ಇಂಥ ಷರತ್ತು ಯಾರನ್ನು ಕಾಯೋಕೆ ಇದೆ ಅಂತ ಮಕ್ಕಳಿಗೂ ಗೊತ್ತಾಗುತ್ತೆ.

ಇನ್ನೊಂದು ಮಾತು ಅಂದಿರಿ: ಇಂಥ ಗಾಡಿಗೆ ಆರ್‌ಟಿಓ ಒಪ್ಪಿಗೆ ಇಲ್ಲ, ಹಾಗಾಗಿ ವಾರಂಟಿ ಇಲ್ಲ. ಗಾಡಿಯ ಮೂಲ ರೂಪ ಬದಲಾಯಿಸಬಾರದು ಅನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಾನೂ ಓದಿದ್ದೇನೆ. ಅದರ ಬಗ್ಗೆ ಬಂದ 2019ರ ಸುಪ್ರೀಂ ಕೋರ್ಟ್ ತೀರ್ಪೂ ಗೊತ್ತು. ಗಾಡಿ ಸದ್ಯ ನಮ್ಮ ಕಾಂಪೌಂಡಿನೊಳಗೇ ಇದೆ, ರಸ್ತೆಯ ವಿಷಯ ನನಗೂ ಆರ್‌ಟಿಓಗೂ ಬಿಟ್ಟದ್ದು. ನಿಮ್ಮ ಪೆಟ್ಟಿಗೆ ಮೇಲೆ ದಪ್ಪ ಅಕ್ಷರದಲ್ಲಿ 'ಹಾಟ್ ರಾಡ್' ಅಂತ ಅಚ್ಚು ಹಾಕಿ ಮಾರಿದವರು ನೀವೇ. ಮಾರುವಾಗ ಇಲ್ಲದ ಕಾಯ್ದೆ ದೂರು ಬಂದಾಗ ನೆನಪಾಯಿತಾ? ಕಾಯ್ದೆ ಮಾತಿಗೇ ಬಂದರೆ, ಮಾಲು ಯಾವ ದೇಶದ್ದು ಅಂತ ನಿಮ್ಮ ಪೆಟ್ಟಿಗೆ ಮೇಲೆ ಎಲ್ಲೂ ಇಲ್ಲ. ಹೊರದೇಶದಿಂದ ತಂದ ಮಾಲಾದರೆ ಅದು ಇರಲೇಬೇಕು.

ನನಗೆ ಇನ್ನೊಂದು ಸೆಟ್ ಬೇಡ. ಕಳಿಸುತ್ತೇವೆ ಅಂತ ಫೋನ್ ಮಾಡಬೇಡಿ. 34,500 ರೂಪಾಯಿ ಪೂರ್ತಿ ವಾಪಸ್ ಬೇಕು. ಹಾಕಿ ಬಿಚ್ಚಿದ ಮಿಸ್ತ್ರಿ ಕೂಲಿ 4,000 ರೂಪಾಯಿ ಬೇಕು, ಅದರ ಚೀಟಿಯೂ ಜೊತೆಗಿದೆ. ಮಾಲನ್ನು ನಿಮ್ಮ ಖರ್ಚಿನಲ್ಲಿ ತಗೊಂಡು ಹೋಗಿ. ಮತ್ತೆ ನಿಮ್ಮ ಜಾಹೀರಾತು ಬದಲಾಯಿಸಿ. ಎಡಗಡೆ ಸ್ಟೇರಿಂಗ್‌ನ ಅಳತೆ, ಬ್ರೇಕು ಇಂಡಿಕೇಟರು ಒಂದೇ ಬಲ್ಬಿಗೆ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವೈರ್ ಅಂತ ಕಾಣುವ ಹಾಗೆ ಬರೆಯಿರಿ. ಆಮೇಲೆ ಬೇಕಾದವರು ತಗೊಳ್ಳಲಿ, ನನ್ನ ತಕರಾರಿಲ್ಲ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದೆ ಅಂತ ನೀವು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ತಾನಿರುವ ಊರಿನಲ್ಲೇ ದೂರು ಕೊಡಬಹುದು. 5 ಲಕ್ಷದ ಒಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ನಾನು ಇಲ್ಲಿಂದ ಆಟೋದಲ್ಲಿ ಹೋಗಿ ಬರುತ್ತೇನೆ, ನಿಮ್ಮ ವಕೀಲರು ಅಷ್ಟು ದೂರದಿಂದ ಬರಬೇಕು.

ಹಣ ಖಾತೆಗೆ ಬಂದ ದಿನ ಪೆಟ್ಟಿಗೆಯನ್ನು ನಿಮ್ಮ ಕೊರಿಯರ್ ಹುಡುಗನ ಕೈಗೆ ಕೊಡುತ್ತೇನೆ. ಅಲ್ಲಿವರೆಗೆ ಅದು, ಆ ವಾಲಿದ ಫ್ಯೂಸ್ ಸಮೇತ, ನನ್ನ ಹತ್ತಿರವೇ ಇರುತ್ತೆ.

ಇಂತಿ,
ನಿಮ್ಮ ಗ್ರಾಹಕ
ಉದ್ಯಮಬಾಗ, ಬೆಳಗಾವಿ

ಜೊತೆಗೆ ಇಟ್ಟದ್ದು: ಬಿಲ್ಲಿನ ಪ್ರತಿ, ವಾಟ್ಸಾಪ್ ಮಾತುಕತೆಯ ಪ್ರತಿ, ಕೆರೆದ ವೈರ್, ಫ್ಯೂಸ್ ಮತ್ತು ಮೀಟರಿನ ಫೋಟೊಗಳು, ಮಿಸ್ತ್ರಿ ಕೂಲಿ ಚೀಟಿ